ಬೀಗರ ಮನೆಗೂ ಹೋಗಬೇಕು, ಬಾದಾಮಿಯನ್ನೂ ನೋಡಬೇಕು

ನನ್ನದು ಮಂಡ್ಯ ಸೀಮೆ. ಹೆಂಡತಿಯ ತವರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಅಲ್ಲಿಂದ ಬಾದಾಮಿ ದೂರವೇನಲ್ಲ; ಪಟ್ಟದಕಲ್ಲು, ಐಹೊಳೆ, ಮಹಾಕೂಟ, ಬನಶಂಕರಿ ಎಲ್ಲವೂ ಅದೇ ಆಸುಪಾಸಿನಲ್ಲಿ. ‘ನಿಮಗೇನ್ರೀ, ಹೆಂಡತಿ ಮನೆ ಅಲ್ಲೇ ಇದೆ, ಎಲ್ಲಾ ನೋಡ್ಕೊಂಡು ಬಂದ್ಬಿಡಬಹುದು’ ಎಂದು ಆಫೀಸಿನವರು ಹೊಟ್ಟೆಕಿಚ್ಚು ಪಡುತ್ತಾರೆ. ಲಾಡ್ಜಿನಲ್ಲಿ ಉಳಿಯುವವರು ಆ ಗುಡಿಗಳನ್ನೆಲ್ಲ ಎರಡು ದಿನದಲ್ಲಿ ಮುಗಿಸುತ್ತಾರೆ. ಅಲ್ಲಿ ನೆಂಟರಿರುವವರಿಗೆ ಅಷ್ಟು ಸಲೀಸಲ್ಲ. ನೆಂಟರು ಒಂದು ಕಡೆ, ಗುಡಿ ಇನ್ನೊಂದು ಕಡೆ ಎಳೆಯುತ್ತವೆ. ರಜೆ ಇರುವುದು ಶನಿವಾರ, ಭಾನುವಾರ, ಅದಕ್ಕೆ ಅಂಟಿಕೊಂಡ ಒಂದು ಹಬ್ಬದ ದಿನ. ಈ ಎಳೆದಾಟದಲ್ಲಿ ಹಲವು ವರ್ಷ ಪಳಗಿದವನ ಟಿಪ್ಪಣಿಗಳಿವು. ಬೇರೆ ಸೀಮೆಯಲ್ಲಿ ನೆಂಟರಿರುವವರು ಊರಿನ ಹೆಸರು ಬದಲಿಸಿಕೊಂಡು ಓದಿಕೊಳ್ಳಬಹುದು.

1. ಮೊದಲು ಮನೆಗಳ ಪಟ್ಟಿ, ಆಮೇಲೆ ಗುಡಿಗಳದ್ದು.

ಬಾದಾಮಿಯ ಮೂರನೆಯ ಗುಹೆ ಮಂಗಳೇಶ ಕೊರೆಸಿದ್ದು, ಅದರ ಶಾಸನದ ಇಸವಿ 578. ಇಷ್ಟು ಕಾಲ ನಿಂತದ್ದು ಬರುವ ದೀಪಾವಳಿಯವರೆಗೂ ನಿಲ್ಲುತ್ತದೆ. ನನ್ನ ಹೆಂಡತಿಯ ದೊಡ್ಡಪ್ಪನವರಿಗೆ ಎಂಬತ್ತು ದಾಟಿದೆ. ಆದ್ದರಿಂದ ಯಾವ ಮನೆಗೆ ಹೋಗಲೇಬೇಕು, ಯಾವುದಕ್ಕೆ ಮುಂದಿನ ಸಲ ಹೋದರೂ ನಡೆಯುತ್ತದೆ ಎಂಬುದು ರೈಲು ಹತ್ತುವ ಮೊದಲೇ ಗಂಡ ಹೆಂಡತಿ ನಡುವೆ ತೀರ್ಮಾನವಾಗಿರಬೇಕು. ಅಲ್ಲಿಗೆ ಹೋದ ಮೇಲೆ ಅತ್ತೆಯವರ ಎದುರು ಕೂತು ತೀರ್ಮಾನಿಸಲು ಹೊರಟರೆ ಪಟ್ಟಿ ಬೆಳೆಯುತ್ತದೆಯೇ ಹೊರತು ಕುಗ್ಗುವುದಿಲ್ಲ.

ಹೋಗುವ ಕ್ರಮವೂ ಮುಖ್ಯ. ಹಿರಿಯರ ಮನೆ ಮೊದಲು. ದಾರಿಯಲ್ಲೇ ಸಿಗುತ್ತದೆಂದು ಕಿರಿಯ ಕಾಕಾನ ಮನೆಯಲ್ಲಿ ಒಂದು ಲೋಟ ಚಹಾ ಕುಡಿದು ಹೊರಟರೂ ಆ ಸುದ್ದಿ ನಮಗಿಂತ ಮೊದಲು ದೊಡ್ಡಪ್ಪನ ಮನೆ ತಲುಪಿರುತ್ತದೆ. ಯಾರೂ ಬೈಯುವುದಿಲ್ಲ. ‘ಅಲ್ಲೆ ಚಾ ಆಗೇತಿ ಅಂತಲ್ಲ, ಮತ್ತ ಇಲ್ಲಿ ಯಾಕ ಕುಡೀತೀರಿ ಬಿಡ್ರಿ’ ಎನ್ನುತ್ತ ಚಹಾ ತಂದಿಡುತ್ತಾರೆ. ಬೈಗುಳ ಅದರೊಳಗೇ ಇದೆ.

2. ರೈಲು ಎಷ್ಟು ಗಂಟೆಗೆ ಮುಟ್ಟುತ್ತದೆಂದು ಸರಿಯಾಗಿ ಹೇಳಿ.

ಬೆಂಗಳೂರಿನಲ್ಲಿ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಹುಬ್ಬಳ್ಳಿ, ಗದಗ ದಾಟಿ ಬೆಳಗ್ಗೆ ಬಾದಾಮಿ. ಸ್ಟೇಶನ್ ಊರೊಳಗಿಲ್ಲ, ಸುಮಾರು 5 ಕಿ.ಮೀ. ಹೊರಗಿದೆ. ‘ನಾವೇ ಆಟೋ ಮಾಡಿಕೊಂಡು ಬರ್ತೀವಿ’ ಎಂದು ಎಷ್ಟು ಹೇಳಿದರೂ ಕರೆಯಲು ಯಾರಾದರೂ ಬಂದೇ ಬರುತ್ತಾರೆ. ಹೊತ್ತು ಸರಿಯಾಗಿ ಹೇಳದಿದ್ದರೆ ಮಾವನವರು ನಸುಕಿಗೇ ಪ್ಲಾಟ್‌ಫಾರಂ ಮೇಲೆ ನಿಂತಿರುತ್ತಾರೆ. ರೈಲು ತಡವಾದರೆ ಗದಗದಲ್ಲಿರುವಾಗಲೇ ಒಂದು ಫೋನ್ ಮಾಡಿ.

3. ದಿನವನ್ನು ಊಟದಿಂದ ಅಳೆಯಿರಿ.

ಇದೊಂದು ಹಿಡಿತಕ್ಕೆ ಸಿಕ್ಕರೆ ಅರ್ಧ ಪ್ರವಾಸ ಗೆದ್ದಂತೆ. ಗುಳೇದಗುಡ್ಡದ ಮನೆಯಲ್ಲಿ ಗಡಿಯಾರ ಇದೆ, ಆದರೆ ದಿನ ನಡೆಯುವುದು ಒಲೆಯ ಲೆಕ್ಕದಲ್ಲಿ. ಎದ್ದ ಕೂಡಲೇ ಚಹಾ. ಆಮೇಲೆ ನಾಷ್ಟಾ: ಸೂಸಲ, ಅವಲಕ್ಕಿ, ಇಲ್ಲವೇ ಉಪ್ಪಿಟ್ಟು, ಅಳಿಯ ಬಂದಿದ್ದರೆ ಪಕ್ಕದಲ್ಲಿ ಮಿರ್ಚಿ ಭಜಿ ಕೂಡ. ಅದು ಕರಗುವಷ್ಟರಲ್ಲಿ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಶುರು. ಆ ಸಪ್ಪಳ ಕೇಳಿದ ಮೇಲೆ ‘ಒಂದು ಗಳಿಗೆ ಐಹೊಳೆಗೆ ಹೋಗಿ ಬರ್ತೀವಿ’ ಎನ್ನುವುದು ಆ ಮನೆಗೆ ಮಾಡುವ ಅವಮಾನ. ‘ಕಲ್ಲು ಅಲ್ಲೇ ಇರ್ತಾವ್ರಿ, ಮದ್ಲ ಉಣ್ಣರಿ’ ಎಂಬ ಅತ್ತೆಯವರ ಮಾತಿಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಉಂಡ ಮೇಲಾದರೂ ಹೊರಡಬಹುದೇ? ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಮಡಿಕೆಕಾಳಿನ ಪಲ್ಯ, ಕೆಂಪು ಖಾರ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಕೊನೆಗೆ ಅನ್ನ. ಹೋಳಿಗೆ ಮಾಡಿದ್ದರೆ ಜೊತೆಗೆ ಕಟ್ಟಿನ ಸಾರು. ಇಷ್ಟನ್ನು ಹೊತ್ತುಕೊಂಡು ಏಪ್ರಿಲ್ ತಿಂಗಳ ಬಿಸಿಲಲ್ಲಿ ಗುಡ್ಡ ಹತ್ತುವವನು ನಾನಂತೂ ಅಲ್ಲ. ಆ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಗುಡಿಯ ಹಾಸುಗಲ್ಲಿನ ಮೇಲೆ ಬರಿಗಾಲಿಡುವಂತಿಲ್ಲ.

ಹಾಗಾಗಿ ಗುಡಿಗೆ ಉಳಿಯುವುದು ಎರಡೇ ಹೊತ್ತು: ಬೆಳಗಿನ ಚಹಾ ಮತ್ತು ಮಧ್ಯಾಹ್ನದ ಊಟದ ನಡುವೆ ಒಂದು, ಸಂಜೆಯ ಚಹಾದ ನಂತರ ಇನ್ನೊಂದು. ದೂರದ್ದು ಬೆಳಗ್ಗೆ, ಹತ್ತಿರದ್ದು ಸಂಜೆ. ನಾಷ್ಟಾ ಕಟ್ಟಿಸಿಕೊಂಡೇ ಹೊರಟರೆ ಪಟ್ಟದಕಲ್ಲು ನೋಡಿ ಊಟದ ಹೊತ್ತಿಗೆ ವಾಪಸಾಗಬಹುದು. ಅದೇ ದಿನ ಐಹೊಳೆಯನ್ನೂ ಸೇರಿಸಿದರೆ ಮನೆಯಲ್ಲಿ ರೊಟ್ಟಿ ಆರುತ್ತದೆ, ಮುಖಗಳೂ ಬಾಡುತ್ತವೆ. ದಿನಕ್ಕೊಂದೇ ಊರು. ಉಳಿದದ್ದು ಮುಂದಿನ ರಜೆಗೆ.

4. ಮನೆಯವರನ್ನು ಕರೆದುಕೊಂಡೇ ಹೊರಡಿ.

ನೆಂಟರು ಮತ್ತು ಗುಡಿಗಳ ಜಗಳಕ್ಕೆ ನನಗೆ ಗೊತ್ತಿರುವ ಮದ್ದು ಇದೊಂದೇ. ನಮ್ಮ ಅತ್ತೆಯವರು ಬಾದಾಮಿಗೆ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದಾರೆ: ಬ್ಯಾಂಕಿಗೆ, ಆಸ್ಪತ್ರೆಗೆ, ಬನಶಂಕರಿಗೆ, ಮದುವೆಗೆ. ಗುಹೆಯ ಮೆಟ್ಟಿಲು ಹತ್ತಿರಲಿಲ್ಲ. ಐಹೊಳೆಯನ್ನಂತೂ ಬಸ್ಸಿನ ಕಿಟಕಿಯಿಂದಷ್ಟೇ ಕಂಡಿದ್ದರು. ಹತ್ತಿರ ಇರುವವರು ನೋಡುವುದಿಲ್ಲ, ಮೈಸೂರಿನವರಿಗೂ ಅರಮನೆಯ ಕಥೆ ಇಷ್ಟೇ. ‘ನಾ ಬಂದ್ರ ಅಡಗಿ ಯಾರ್ ಮಾಡ್ತಾರ?’ ಎಂದು ಎರಡು ಸಲ ಅನ್ನುತ್ತಾರೆ; ಮೂರನೆಯ ಸಲ ಕೇಳುವ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಚಪ್ಪಲಿ ಮೆಟ್ಟಿರುತ್ತಾರೆ. ಅಡುಗೆಯವರೇ ಗಾಡಿಯಲ್ಲಿ ಕೂತ ಮೇಲೆ ಊಟಕ್ಕೆ ತಡವಾಯಿತೆಂದು ಗೊಣಗಲು ಮನೆಯಲ್ಲಿ ಯಾರಿದ್ದಾರೆ?

ಅವರ ಜೊತೆ ನೋಡಿದರೆ ಗುಡಿಗಳು ಬೇರೆಯಾಗಿ ಕಾಣುತ್ತವೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಗಂಡ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನವನ್ನು ಕಟ್ಟಿಸಿದವಳು ತ್ರೈಲೋಕ್ಯಮಹಾದೇವಿ, ಲೋಕಮಹಾದೇವಿಯ ತಂಗಿ ಮತ್ತು ಸವತಿ. ನಾನು ಇದನ್ನು ಎಂಟನೆಯ ಶತಮಾನ, ದ್ರಾವಿಡ ಶೈಲಿ, 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಎಂದೆಲ್ಲ ವಿವರಿಸುತ್ತಿದ್ದೆ. ಅತ್ತೆಯವರು ಅದನ್ನೆಲ್ಲ ಬದಿಗಿಟ್ಟು ಎರಡೂ ಗುಡಿಗಳನ್ನು ಒಮ್ಮೆ ಅಳತೆ ಹಾಕಿ, ‘ಅಕ್ಕಂದು ದೊಡ್ಡದೈತಿ’ ಎಂದರು. ಸ್ವಲ್ಪ ತಡೆದು, ‘ತಂಗಿ ಬಾಜೂಕ ಜಾಗಾ ಬಿಟ್ಟಿಲ್ಲ ನೋಡ್ರಿ’ ಎಂದರು. ಇತಿಹಾಸದ ಪುಸ್ತಕಗಳಲ್ಲಿ ನಾನು ಇಷ್ಟು ಚೊಕ್ಕ ಮಾತನ್ನು ಓದಿಲ್ಲ. ವಿರೂಪಾಕ್ಷದಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಅವರಿಗೆ ಅದು ಸ್ಮಾರಕವಲ್ಲ. ಕಾಯಿ ಒಡೆಸಿದರು, ನಂದಿಗೆ ಕೈಮುಗಿದರು, ಆಮೇಲೆ ಕಂಬದ ಮೇಲೆ ಜಟಾಯು ರಾವಣನ ಮೇಲೆರಗುವುದನ್ನು ಮೊಮ್ಮಗನಿಗೆ ತೋರಿಸಿದರು. ಗೈಡ್ ಬೇಕಾಗಲಿಲ್ಲ.

ಐಹೊಳೆಯಲ್ಲಿ ಇನ್ನೂ ಮಜಾ. ಅಲ್ಲಿನ ಎಷ್ಟೋ ಗುಡಿಗಳಿಗೆ ದೇವರ ಹೆಸರಿಲ್ಲ. ಒಂದು ಕಾಲಕ್ಕೆ ಅವುಗಳಲ್ಲಿ, ಅವುಗಳ ಮಗ್ಗುಲಲ್ಲಿ ಸಂಸಾರಗಳಿದ್ದವು, ದನಗಳಿದ್ದವು. ಇದ್ದವರ ಹೆಸರೇ ಗುಡಿಗೆ ನಿಂತಿತು. ಲಾಡ್‌ಖಾನ್ ಗುಡಿಯ ಹೆಸರೂ ಅಲ್ಲಿದ್ದವನೊಬ್ಬನದು ಎನ್ನುತ್ತಾರೆ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ ಎಂದು ಫಲಕ ಓದುತ್ತ ಹೋದಂತೆ ನಮ್ಮ ಮಾವನವರು ಒಂದೊಂದು ಅಡ್ಡಹೆಸರಿಗೂ ಒಬ್ಬೊಬ್ಬ ಪರಿಚಯಸ್ಥರನ್ನು ನೆನಪಿಸಿಕೊಂಡರು. ‘ಬಡಿಗೇರ ಪೈಕಿ ನಮ್ಮ ಗೆಳ್ಯಾ ಒಬ್ಬಾಂವ ಅದಾನ, ಇಲ್ಲೆ ಬಾಜೂ ಊರಾಗ.’ ಸರಿ, ವಾಪಸ್ ಬರುವಾಗ ಆ ಗೆಳೆಯರ ಮನೆಯಲ್ಲೂ ಚಹಾ. ಪಟ್ಟಿಗೆ ಇನ್ನೊಂದು ಮನೆ ಸೇರಿತು. ಈ ಮದ್ದಿಗೆ ಇರುವ ಅಡ್ಡಪರಿಣಾಮ ಅದೊಂದು.

5. ಹತ್ತುವವರು, ಹತ್ತದವರು ಎಂದು ಮೊದಲೇ ಪಾಲು ಮಾಡಿ.

ಬಾದಾಮಿ ಎಂದರೆ ಮೆಟ್ಟಿಲು. ನಾಲ್ಕು ಗುಹೆಗಳೂ ಬಂಡೆಯ ಮೇಲಕ್ಕೆ ಒಂದರ ನಂತರ ಒಂದು. ಮಂಡಿನೋವಿನ ಹಿರಿಯರನ್ನು ‘ಸ್ವಲ್ಪವೇ ಇದೆ’ ಎಂದು ಪುಸಲಾಯಿಸಬೇಡಿ. ಮೊದಲನೆಯ ಗುಹೆಯ ಹೊರಗೇ ಹದಿನೆಂಟು ಕೈಗಳ ನಟರಾಜನಿದ್ದಾನೆ. ಅಲ್ಲಿಯವರೆಗೆ ನಿಧಾನಕ್ಕೆ ಹತ್ತಿದರೂ ಸಾಕು. ಅದೂ ಆಗದವರನ್ನು ಅಗಸ್ತ್ಯತೀರ್ಥದ ದಂಡೆಯಲ್ಲೇ ಭೂತನಾಥ ಗುಡಿಯ ಕಡೆ ನಿಧಾನವಾಗಿ ನಡೆಸಿಕೊಂಡು ಹೋಗಿ. ಅಲ್ಲಿ ಏರು ಇಲ್ಲವೆನ್ನುವಷ್ಟು ಕಡಿಮೆ. ಸಂಜೆಯಾದರೆ ಇನ್ನೂ ಒಳ್ಳೆಯದು: ಪಡುವಣ ಬಿಸಿಲು ಬಿದ್ದ ಬಂಡೆಯ ಕೆಂಪು ಆ ಹೊತ್ತಿಗೇ ಚೆನ್ನ, ಕುಳಿತು ಹರಟಲು ಕಲ್ಲಿನ ಕಟ್ಟೆ, ಎದುರಿಗೆ ನೀರು. ಹಿರಿಯರಿಗೆ ಬೇಕಾದದ್ದು ಬಹುಪಾಲು ಅಷ್ಟೇ. ಐಹೊಳೆಯ ಮೇಗುತಿಗೂ ಇದೇ ಮಾತು. 634ರ ರವಿಕೀರ್ತಿಯ ಶಾಸನ ನೋಡಲು ಗುಡ್ಡ ಹತ್ತುವ ಹುಮ್ಮಸ್ಸು ಎಲ್ಲರಿಗೂ ಇರುವುದಿಲ್ಲ. ಇರಬೇಕೆಂದೂ ಇಲ್ಲ.

ಮಕ್ಕಳ ಮಾತು ಬೇರೆ, ಅವರಿಗೆ ಮಂಗಗಳೇ ಸಾಕು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಬಾದಾಮಿಯ ಮಂಗ ಬಿಡುವುದಿಲ್ಲ. ಬುತ್ತಿ ಗಾಡಿಯಲ್ಲಿರಲಿ, ನೀರಿನ ಬಾಟಲಿ ಬ್ಯಾಗಿನೊಳಗಿರಲಿ. ಲಜ್ಜಾಗೌರಿಯ ಶಿಲ್ಪ ನೋಡಲು ವಸ್ತುಸಂಗ್ರಹಾಲಯಕ್ಕೆ ಹೋಗುವುದಾದರೆ ಶುಕ್ರವಾರ ಬೇಡ, ಅಂದು ಅದು ಮುಚ್ಚಿರುತ್ತದೆ.

ಮಕ್ಕಳು, ಮುದುಕರು ಇಬ್ಬರೂ ಒಟ್ಟಿಗೆ ಖುಷಿಪಡುವ ಜಾಗ ನನ್ನ ಅನುಭವದಲ್ಲಿ ಮಹಾಕೂಟ. ಮರಗಳ ನೆರಳು, ಊಟೆಯ ನೀರು ತುಂಬಿದ ಹೊಂಡ, ಅದರ ನಡುವೆ ಪುಟ್ಟ ಮಂಟಪ. ಈಜು ಬಲ್ಲ ಹುಡುಗರು ಇಳಿದರೆ ಮೇಲೆ ಬರುವುದಿಲ್ಲ, ಅಜ್ಜಿಯರು ದರ್ಶನ ಮುಗಿಸಿ ನೆರಳಲ್ಲಿ ಕೂರುತ್ತಾರೆ. ಬದಲಿ ಬಟ್ಟೆ ಮರೆಯಬೇಡಿ.

6. ಬನಶಂಕರಿ ನೋಡುವ ಸ್ಥಳವಲ್ಲ, ಹೋಗಲೇಬೇಕಾದ ಮನೆ.

ಅವಳನ್ನು ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಬರೆದರೆ ನಮ್ಮ ಮನೆಯಲ್ಲಿ ನಗುತ್ತಾರೆ. ಬಾದಾಮಿಯಿಂದ 5 ಕಿ.ಮೀ. ದೂರದ ಚೊಳಚಗುಡ್ಡದ ಈ ತಾಯಿ ಆ ಸೀಮೆಯ ಎಷ್ಟೋ ಮನೆಗಳ, ಅದರಲ್ಲೂ ನೇಕಾರರ ಮನೆಗಳ ಕುಲದೇವತೆ. ‘ತಾಯಿ ದರ್ಶನ ಆತೇನ್ರಿ?’ ಎಂದು ಪ್ರತಿ ಮನೆಯಲ್ಲೂ ಕೇಳುತ್ತಾರೆ. ಆಗಿದೆ ಎನ್ನಲು ಸಾಧ್ಯವಾಗುವಂತೆ ಮೊದಲ ದಿನವೇ ಹೋಗಿಬಿಡಿ.

ಗುಡಿಯ ಎದುರು, ಹರಿದ್ರಾತೀರ್ಥದ ಹೊಂಡದ ಬಳಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಕೇಳಿದರೆ ಖಡಕ್ ರೊಟ್ಟಿಯ ಮೇಲೇ ಪುಂಡಿಪಲ್ಯ, ಝುಣಕ, ಶೇಂಗಾ ಚಟ್ನಿ ಹಾಕಿ ಮೊಸರು ಸುರಿದು ಕೊಡುತ್ತಾರೆ. ದೊಡ್ಡ ಹೋಟೆಲುಗಳ ಉತ್ತರ ಕರ್ನಾಟಕ ಥಾಲಿಗಿಂತ ನನಗೆ ಇದು ಮೇಲು. ಆದರೆ ಒಂದೇ ರೊಟ್ಟಿ. ಮನೆಯಲ್ಲಿ ಊಟ ಕಾದಿದೆ.

ಬನದ ಹುಣ್ಣಿಮೆಯ ಜಾತ್ರೆಗೆ, ಅಂದರೆ ಪುಷ್ಯ ಮಾಸದಲ್ಲಿ ಹೋದರೆ ಗುಹೆ, ಶಾಸನಗಳ ಆಸೆ ಬಿಟ್ಟುಬಿಡಿ. ತೇರು ಮುಗಿದ ಮೇಲೂ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ಸಾಲು ಸಾಲು ನಾಟಕ ಕಂಪನಿಗಳು ಟೆಂಟು ಹಾಕುತ್ತವೆ; ಮನೆ ಕಟ್ಟಿಸುವವರು ಬಾಗಿಲು, ಚೌಕಟ್ಟು ಕೊಳ್ಳಲು ಬರುತ್ತಾರೆ. ಸುತ್ತಲಿನ ಊರುಗಳ ಮನೆಗಳೆಲ್ಲ ನೆಂಟರಿಂದ ತುಂಬಿರುತ್ತವೆ. ಹಗಲು ಮಲಗಿ ರಾತ್ರಿ ನಾಟಕ ನೋಡುವ ಆ ಪ್ರವಾಸವೇ ಬೇರೆ, ಅದರ ಪಾಠಗಳೂ ಬೇರೆ.

7. ಪುಸ್ತಕದಲ್ಲಿಲ್ಲದ್ದನ್ನು ತೋರಿಸಿ ಎಂದು ಕೇಳಿ.

ಪ್ರವಾಸಿಗಳು ಗುಳೇದಗುಡ್ಡವನ್ನು ದಾಟಿ ಹೋಗುತ್ತಾರೆ, ಇಳಿಯುವುದಿಲ್ಲ. ಊರೊಳಗೆ ಈಗಲೂ ಖಣ ನೇಯುವ ಮನೆಗಳಿವೆ. ಇಳಕಲ್ ಸೀರೆಗೆ ಜೋಡಿಯಾಗಿ ತೊಡುವ ಕುಪ್ಪಸದ ಬಟ್ಟೆಯೇ ಖಣ. ಕಾಕಾ ಒಂದು ಮಧ್ಯಾಹ್ನ ತಮ್ಮ ಪರಿಚಯದ ನೇಕಾರರ ಮನೆಗೆ ಕರೆದೊಯ್ದರು. ಪಡಸಾಲೆಯ ನೆಲದಲ್ಲಿ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕುಣಿಮಗ್ಗದ ಮುಂದೆ ಕೂತ ಹಿರಿಯರು. ಕಾಲು ತುಳಿದಾಗ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಹಗ್ಗ ಜಗ್ಗಿದಾಗ ಲಾಳಿ ಈ ಕಡೆಯಿಂದ ಆ ಕಡೆಗೆ ಹಾರುತ್ತದೆ, ಮರದ ಹಲಗೆ ಬಂದು ಹೊಕ್ಕನ್ನು ಬಡಿಯುತ್ತದೆ. ಹೂವಿನ ಸಾಲು ಬಂದಾಗ ಆ ಲಯ ತಡವರಿಸಿ ಮತ್ತೆ ಕೂಡಿಕೊಳ್ಳುತ್ತಿತ್ತು. ನನ್ನ ಮಗಳು ಬಹಳ ಹೊತ್ತು ನೋಡುತ್ತ ನಿಂತಿದ್ದಳು. ಗುಹೆಗಳಲ್ಲಿ ಅವಳು ಅಷ್ಟು ಹೊತ್ತು ಎಲ್ಲೂ ನಿಂತದ್ದಿಲ್ಲ.

‘ಹುಡುಗೂರು ಕಲೀತಾರೇನ್ರಿ?’ ಎಂದು ಕಾಕಾ ಕೇಳಿದರು. ‘ಕಲತು ಏನ್ ಮಾಡ್ತಾರ? ಬೆಂಗಳೂರಿಗೆ ಹೊಂಟಾರ’ ಎಂದು ಅವರು ಲಾಳಿ ಬಿಡದೆ ಉತ್ತರಿಸಿದರು. ನಾವು ಬೆಂಗಳೂರಿನವರು ಸುಮ್ಮನಿದ್ದೆವು. ಅಲ್ಲೇ ಒಂದಷ್ಟು ಖಣ ಕೊಂಡೆವು, ಅವರು ಹೇಳಿದ ಬೆಲೆಗೇ. ಮನೆಗೆ ಹೋಗಿ ನೇಯುವುದನ್ನು ನೋಡಿ, ಚಹಾ ಕುಡಿದು, ಆಮೇಲೆ ಚೌಕಾಸಿ ಮಾಡಲು ಬಾಯಿ ಬರಬಾರದು.

8. ಕೊಡುವುದು, ಪಡೆಯುವುದು.

ಬೆಂಗಳೂರಿನಿಂದ ಡಬ್ಬಿಗಟ್ಟಲೆ ಸಿಹಿ ಹೊರಬೇಡಿ. ಹೋಳಿಗೆ, ಕರದಂಟು ತಿನ್ನುವವರಿಗೆ ಅದರ ಅಗತ್ಯವಿಲ್ಲ. ಹಣ್ಣು, ಒಳ್ಳೆಯ ಕಾಫಿಪುಡಿ ಸಾಕು. ಅವರು ಚಹಾದವರು, ಆದರೂ ‘ಅಳ್ಯಾರು ತಂದ ಕಾಫಿ’ ಎಂದು ಬಂದವರಿಗೆಲ್ಲ ಮಾಡಿ ಕೊಡುತ್ತಾರೆ.

ಗಾಡಿಯ ಬಾಡಿಗೆಯನ್ನು ಬೆಳಗ್ಗೆಯೇ ಚಾಲಕನ ಕೈಗೆ ಕೊಟ್ಟುಬಿಡಿ. ಸಂಜೆ ಮನೆಯ ಮುಂದೆ ಕೊಡಲು ಹೋದರೆ ಮಾವ ಅಳಿಯನ ನಡುವೆ ಬೀದಿಯಲ್ಲಿ ಕೈ ಹಿಡಿದು ಎಳೆದಾಟ ನಡೆದು, ಕೊನೆಗೆ ಮಾವನವರೇ ಗೆಲ್ಲುತ್ತಾರೆ. ಟಿಕೆಟ್ಟಿಗೂ ಇದೇ ಉಪಾಯ: ನೀವು ಮುಂದೆ ನಡೆದು ಹೋಗಿ ತೆಗೆದಿಡಿ, ಅವರು ಚಪ್ಪಲಿ ಸರಿಮಾಡಿಕೊಳ್ಳುತ್ತಿರಲಿ.

ಹೊರಡುವ ಪ್ರತಿ ಮನೆಯಲ್ಲೂ ಹೆಣ್ಣುಮಗಳಿಗೆ ಉಡಿ ತುಂಬುತ್ತಾರೆ. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನದ ಕೊಂಬು, ಅಕ್ಕಿ, ಮೂರು ಮೂಲೆಯಾಗಿ ಮಡಚಿದ ಒಂದು ಖಣ. ಇದಕ್ಕೆ ಅವಸರ ಮಾಡುವಂತಿಲ್ಲ. ‘ಹತ್ತು ನಿಮಿಷದಲ್ಲಿ ಹೊರಡೋಣ’ ಎಂದು ಗಂಡಸರು ಅಂಗಳದಲ್ಲಿ ನಿಂತು ಕೂಗುವುದು ನನಗೆ ಒಗ್ಗದ ಸಂಗತಿ. ಮನೆಗೆ ಅರ್ಧ ಗಂಟೆ ಎಂದು ಮೊದಲೇ ಹಿಡಿದುಬಿಡಿ.

9. ಸ್ಟೇಟಸ್ ಹಾಕುವುದು ವಾಪಸ್ ರೈಲು ಹತ್ತಿದ ಮೇಲೆ.

ಐಹೊಳೆಯ ದುರ್ಗದ ಗುಡಿಯ ಮುಂದೆ ನಿಂತ ಫೋಟೋ ಬೆಳಗ್ಗೆ ವಾಟ್ಸಾಪಿಗೆ ಏರಿದರೆ ಮಧ್ಯಾಹ್ನದೊಳಗೆ ಅಮೀನಗಡದ ವೈನಿಯ ಫೋನ್ ಬರುತ್ತದೆ: ‘ಐಹೊಳಿಮಟಾ ಬಂದು ನಮ್ಮ ಮನಿಗೆ ಬರೂದಿಲ್ಲೇನು?’ ಅಮೀನಗಡ ಅಲ್ಲಿಂದ ಹತ್ತಿರವೇ, ನೆಪ ಹೇಳಲು ಬರುವುದಿಲ್ಲ. ಹೋಗುವುದೇ ಆದರೆ ಮೊದಲೇ ತಿಳಿಸಿ ಹೋಗಿ, ಬರುವಾಗ ಅಲ್ಲಿನ ಕರದಂಟು ಕೊಂಡುಕೊಳ್ಳಿ.

10. ಒಂದು ಖಾಲಿ ಬ್ಯಾಗ್ ಮಡಚಿ ತನ್ನಿ.

ಹೊರಡುವ ದಿನ ಸಾಮಾನು ಎರಡು ಪಟ್ಟಾಗುತ್ತದೆ. ‘ಇನ್ನೊಂದ್ ದಿನ ಇರ್ರಿ’ ಎಂಬ ಒತ್ತಾಯಕ್ಕೆ ರಜೆ ಇಲ್ಲವೆಂದು ಒಪ್ಪಿಸುವ ಹೊತ್ತಿಗೆ ಒಳಗೆ ಕಟ್ಟುವ ಕೆಲಸ ಮುಗಿದಿರುತ್ತದೆ: ಖಡಕ್ ರೊಟ್ಟಿಯ ದೊಡ್ಡ ಅಟ್ಟಿ, ಶೇಂಗಾ ಮತ್ತು ಅಗಸಿ ಚಟ್ನಿಪುಡಿ, ಖಾರದಪುಡಿ, ಹೆಸರುಕಾಳು, ಜೋಳದ ಹಿಟ್ಟು. ಬೇಡವೆನ್ನುವುದರಲ್ಲಿ ಅರ್ಥವಿಲ್ಲ, ಜಾಗ ಮಾಡಿಕೊಳ್ಳುವುದು ಜಾಣತನ. ಖಡಕ್ ರೊಟ್ಟಿಗೆ ತೇವ ತಾಗದಿದ್ದರೆ ವಾರಗಟ್ಟಲೆ ಇರುತ್ತದೆ, ಆದರೆ ಭಾರ ಬಿದ್ದರೆ ಬೆಂಗಳೂರಿಗೆ ಬರೀ ಚೂರು ಬರುತ್ತದೆ. ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಗಲವಾದ ಸ್ಟೀಲ್ ಡಬ್ಬಿಯಲ್ಲಿಡಿಸಿ. ವಾಪಸಾಗುವಾಗ ಒಂದು ಕೆಳಗಿನ ಬರ್ತ್ ಬುಕ್ ಮಾಡಿದ್ದರೆ ಡಬ್ಬಿ ಸೀಟಿನಡಿಗೆ ಹೋಗುತ್ತದೆ. ಎಣ್ಣೆ ಕಲಸಿದ ಕೆಂಪು ಖಾರವನ್ನು ಮಾತ್ರ ಬಟ್ಟೆಯ ಬ್ಯಾಗಿನಲ್ಲಿಡಬೇಡಿ. ಎಷ್ಟು ಬಿಗಿಯಾಗಿ ಮುಚ್ಚಳ ಹಾಕಿದರೂ ಗದಗ ದಾಟುವಷ್ಟರಲ್ಲಿ ಸೋರುತ್ತದೆ.